ಗುಡ್ಡದ ತುದಿಯ ಹಗ್ಗ

ಮೂರನೇ ನಂಬರಿನ ಕಾಟೇಜಿನಲ್ಲಿ ಯಾರೋ ಹಾಸಿಗೆಯ ಮೇಲೆ ಕೂತು ಕಾಫಿ ಕುಡಿದಿದ್ದರು. ಕುಡಿದದ್ದಕ್ಕಿಂತ ಚೆಲ್ಲಿದ್ದು ಹೆಚ್ಚು. ಕೆಂಪು ಮೇಲುಹಾಸಿನ ನಟ್ಟನಡುವೆ ಅಂಗೈ ಅಗಲದ ಕಲೆ. ಬೀಗದಕ್ಕ ಅದನ್ನು ನೋಡಿದಳು. ಬೆಳಿಗ್ಗೆ ಹೊರಟುಹೋದವರಿಗೆ ಬೆನ್ನ ಹಿಂದೆ ಎರಡು ಮಾತು ಬೈದಳು. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಎರಡು ಗಂಟೆಗೆ ಹೊಸ ಜೋಡಿ ಬರುವುದಿತ್ತು. ಮದುವೆಯಾಗಿ ವಾರವೂ ಆಗಿಲ್ಲ, ಫೋಟೋದಲ್ಲಿ ನೋಡಿದ ಕೆಂಪು ಹಾಸೇ ಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು.

ಸೊಂಟದಲ್ಲಿ ಏಳು ಬೀಗದ ಕೈ ತೂಗಾಡುವುದರಿಂದ ಊರಿನವರೆಲ್ಲ ಅವಳನ್ನು ಬೀಗದಕ್ಕ ಅನ್ನುತ್ತಿದ್ದರು. ಗುಡ್ಡದ ಮೇಲಿನ ಏಳು ಮನೆಗಳು ಮೊದಲು ಮೀನುಗಾರರವು. ಈಗ ರಜೆಗೆ ಬರುವವರ ಕಾಟೇಜುಗಳು. ಗುಡಿಸುವುದು, ಒರೆಸುವುದು, ಹಾಸುವುದು, ಒಗೆಯುವುದು ಅವಳ ಪಾಲಿಗೆ. ನಲ್ಲಿ, ಬಾಗಿಲು, ಹೆಂಚು ಗಂಡನ ಪಾಲಿಗೆ, ಅದೂ ಸಮುದ್ರದಿಂದ ಬಂದ ಮೇಲೆ. ಏಳೂ ಮನೆಗಳ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಕೆಲಸ ಇರುವವರೆಗೆ ಆ ಮನೆ. ಅವಳು, ಗಂಡ, ಅತ್ತೆ ಮೂವರು ಅಲ್ಲಿದ್ದರು.

ಕಲೆ ಹೋಗುವ ಹಾಗೆ ತಿಕ್ಕಿ ತಿಕ್ಕಿ ಒಗೆದಳು. ಒಣಗಿಸುವುದು ಎಲ್ಲಿ? ಹಿತ್ತಲಿನ ಹಗ್ಗದಲ್ಲಿ ಹದಿನಾಲ್ಕು ಬಿಳಿ ಬೆಡ್‌ಶೀಟು. ಕೆಂಪು ಹಾಸನ್ನು ಯಾವಾಗಲೂ ಒಳಗೆ, ಫ್ಯಾನಿನ ಕೆಳಗೆ ಒಣಗಿಸುತ್ತಿದ್ದಳು. ಅವತ್ತು ಕರೆಂಟಿರಲಿಲ್ಲ. ಗುಡ್ಡದ ತುದಿಯಲ್ಲಿ ಎರಡು ಕಂಬಗಳ ನಡುವೆ ಒಂದು ಹಗ್ಗ ಖಾಲಿ ಇತ್ತು. ಅಲ್ಲಿ ಬಿಸಿಲೂ ಇತ್ತು, ಗಾಳಿಯೂ ಇತ್ತು. ಬಕೆಟ್ಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಅರ್ಧ ಗಂಟೆ, ಅಷ್ಟರಲ್ಲಿ ಯಾರು ನೋಡುತ್ತಾರೆ ಅಂದುಕೊಂಡಳು. ಹಾಕಿದಳು.

ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣು ಮುಕ್ಕಾಲು ಹೋಗಿತ್ತು, ಬಣ್ಣ ಮಾತ್ರ ಕಾಣುತ್ತಿತ್ತು.

"ಕೆಂಪು ಹಾಕಿದೀಯಾ? ಒಗೆದದ್ದೋ, ಕರೆಯೋಕೋ?"

"ಒಗೆದದ್ದು ಅತ್ತೆ. ಈಗ ತೆಗೀತೀನಿ."

"ಒಗೆದದ್ದನ್ನ ಆ ಹಗ್ಗಕ್ಕೆ ಹಾಕಿದ್ರೆ ನಮ್ಮತ್ತೆ ನನ್ನನ್ನ ಅದೇ ಹಗ್ಗಕ್ಕೆ ನೇತು ಹಾಕ್ತಿದ್ಲು."

"ನಿಮ್ಮತ್ತೆ ಕಾಲದಲ್ಲಿ ಎರಡು ಗಂಟೆಗೆ ಯಾರೂ ಬರ್ತಿರಲಿಲ್ಲ. ಸುಮ್ನಿರಿ."

ಆ ಹಗ್ಗ ಇದ್ದದ್ದು ಬೇರೆ ಕೆಲಸಕ್ಕೆ. ಊರಿನ ದೋಣಿಗಳು ಬಲೆ ಬಿಡುವುದು ಕೊಲ್ಲಿಯ ಆಚೆ, ಸಮುದ್ರಕ್ಕೆ ಚಾಚಿಕೊಂಡ ಕಲ್ಲುಗುಡ್ಡದ ಬುಡದಲ್ಲಿ. ಅದನ್ನು ಕೋಡು ಅನ್ನುತ್ತಾರೆ. ಕೋಡಿನ ಬುಡದಲ್ಲಿ ಮೀನು ಚೆನ್ನಾಗಿ ಸಿಗುತ್ತದೆ. ಆದರೆ ಅಲ್ಲಿದ್ದವನಿಗೆ ಕೋಡಿನ ಹಿಂದಿನ ಆಕಾಶ ಕಾಣುವುದಿಲ್ಲ. ಬಿರುಗಾಳಿ ಬರುವುದು ಆ ಕಡೆಯಿಂದಲೇ. ದೋಣಿಯವನಿಗೆ ಗೊತ್ತಾಗುವ ಹೊತ್ತಿಗೆ ಅದು ನೆತ್ತಿಯ ಮೇಲಿರುತ್ತದೆ. ಫೋನು ಅಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿಂದ ಚೆನ್ನಾಗಿ ಕಾಣುವುದು ಈಚೆ ದಡದ ಈ ಗುಡ್ಡ ಒಂದೇ. ಗುಡ್ಡದ ಮೇಲೆ ನಿಂತವರಿಗೆ ಕೋಡಿನ ಹಿಂದಿನ ಆಕಾಶವೂ ಕಾಣುತ್ತದೆ. ಹಾಗಾಗಿ ಅಜ್ಜಂದಿರ ಕಾಲದಿಂದ ಗುಡ್ಡದ ಹೆಂಗಸರು ಆ ಕಡೆ ಕಪ್ಪು ಕಂಡರೆ ತುದಿಯ ಹಗ್ಗಕ್ಕೆ ಒಂದು ಬಿಳಿ ಬಟ್ಟೆ ಹಾಕುತ್ತಿದ್ದರು. ಅದಕ್ಕೆ ಕರೆಬಟ್ಟೆ ಅಂತ ಹೆಸರು. ಕರೆಬಟ್ಟೆ ಕಂಡರೆ ದೋಣಿ ತಿರುಗಬೇಕು. ಬಲೆ ತುಂಬಿರಲಿ, ಖಾಲಿಯಿರಲಿ, ತಿರುಗಬೇಕು.

ಕಾಟೇಜು ಶುರುವಾದ ವರ್ಷ ಗುಡ್ಡದ ತುಂಬ ಬಿಳಿ ಬೆಡ್‌ಶೀಟು ಹಾರಾಡಿದವು. ಒಂದೇ ತಿಂಗಳಲ್ಲಿ ದೋಣಿಗಳು ಮೂರು ಸಲ ಸುಮ್ಮಸುಮ್ಮನೆ ವಾಪಸ್ ಬಂದವು. ಗಂಡಸರು ದೋಣಿ ನಿಲ್ಲಿಸುವ ದಕ್ಕೆಯಲ್ಲಿ ಕೂತು ಮಾತಾಡಿ ಬಿಳಿ ಬಿಟ್ಟು ಕೆಂಪು ಮಾಡಿದರು. ಒಂದು ಕೆಂಪು ಬಟ್ಟೆ ತಂದು ಬೀಗದಕ್ಕನ ಟ್ರಂಕಿನಲ್ಲಿ ಇಡಿಸಿದರು. ಗುಡ್ಡದ ಮೇಲೆ ಬೇರೆ ಯಾವ ಕೆಂಪೂ ಹೊರಗೆ ಒಣಗಬಾರದು ಎಂದರು. ಹತ್ತು ವರ್ಷ ಸರಿಯಾಗಿ ನಡೆಯಿತು. ಹನ್ನೊಂದನೇ ವರ್ಷ ಕಾಟೇಜಿನ ಯಜಮಾನಿ ಪೇಟೆಯಿಂದ ಮೂರನೇ ನಂಬರಿಗೆ ಕೆಂಪು ಮೇಲುಹಾಸು ತಂದಳು.

ಅರ್ಧ ಗಂಟೆ ಆಗುವ ಮೊದಲೇ ಆರು ದೋಣಿ ಕೊಲ್ಲಿಯೊಳಗೆ ಬಂದವು. ಬೀಗದಕ್ಕ ನಾಲ್ಕನೇ ನಂಬರಿನ ಕಿಟಕಿಯಿಂದ ನೋಡಿದಳು. ಪೊರಕೆ ಅಲ್ಲೇ ಬಿಟ್ಟು ಓಡಿದಳು. ಹಾಸನ್ನು ಎಳೆದು ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ಗಂಡಸರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಎಲ್ಲರ ಮುಂದೆ ಅವಳ ಗಂಡ. ಊರಿಗೆಲ್ಲ ಅವನು ಉದ್ದಣ್ಣ. ಬಾಗಿಲು ದಾಟುವಾಗ ತಲೆ ಬಗ್ಗಿಸಲು ಮರೆಯುವವನು. ಅವರ ಕೋಣೆಯ ಬಾಗಿಲಿನ ಮೇಲುಮರದಲ್ಲಿ ಅವನ ತಲೆ ತಾಗಿ ತಾಗಿ ಎಣ್ಣೆಯ ಗುರುತು ಬಿದ್ದಿತ್ತು.

ಹಿಂದಿನಿಂದ ಯಾರೋ ಕೂಗಿದರು. "ಏನಾಯ್ತು ಬೀಗದಕ್ಕಾ? ಆಕಾಶ ಬಿತ್ತಾ?"

ಅವಳು ಕಂಕುಳಿನ ಮುದ್ದೆ ತೋರಿಸಿದಳು. ಉದ್ದಣ್ಣ ಅದನ್ನು ಬಿಡಿಸಿ ನೋಡಿದ. ಇನ್ನೂ ಸ್ವಲ್ಪ ಕಲೆ ಉಳಿದಿತ್ತು.

"ಆಕಾಶ ಅಲ್ಲ ಕಣ್ರೋ. ಕಾಫಿ ಬಿದ್ದಿದೆ."

ಕೆಲವರು ನಕ್ಕರು. ಕೆಲವರಿಗೆ ನಗು ಬರಲಿಲ್ಲ. ಅವತ್ತು ಮೀನು ತಾನಾಗಿ ಬಲೆಗೆ ಬೀಳುತ್ತಿತ್ತು. ಉದ್ದಣ್ಣನ ಜೊತೆಗಾರ, ದೋಣಿಯಲ್ಲೂ ನಿದ್ದೆ ಹೊಡೆಯುವುದರಿಂದ ಗೊರಕೆ ಅನ್ನಿಸಿಕೊಂಡವನು, ಮೆಟ್ಟಿಲ ಮೇಲೆ ಕುಕ್ಕರಿಸಿದ.

"ಅತ್ತಿಗೆ, ನಿಮ್ಮ ಲಾಂಡ್ರಿಗೆ ನಾವು ಆರು ದೋಣಿ ಕಾವಲಾ?"

"ತಪ್ಪಾಯ್ತು," ಅಂದಳು. ಅಷ್ಟೇ ಅಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಊಟಕ್ಕೆ ಕೂತಾಗಲೂ ಗಂಡ ನಗುತ್ತಲೇ ಇದ್ದ. "ಇನ್ಮೇಲೆ ಕೆಂಪು ಕಂಡ್ರೆ ಮೊದ್ಲು ಕಾಫಿ ಕಲೆ ಇದೆಯಾ ಅಂತ ನೋಡ್ತೀನಿ."

ಅತ್ತೆ ತಟ್ಟೆಯಿಂದ ಕೈ ತೆಗೆದಳು. "ಬಾಯಿ ಮುಚ್ಚೋ. ಕಂಡ್ರೆ ಬರಬೇಕು. ಅಷ್ಟೇ."

"ಬರ್ತೀನಮ್ಮಾ. ಬರದೆ ಎಲ್ಲಿಗೆ ಹೋಗ್ಲಿ? ಇವಳ ಸೊಂಟದಲ್ಲಿ ಏಳು ಬೀಗ ಇದೆ."

ಸಂಜೆ ಅವನು ಆರನೇ ನಂಬರಿನ ಉಬ್ಬಿದ ಬಾಗಿಲನ್ನು ಉಜ್ಜಿ ಸರಿಮಾಡಿದ. ಎರಡು ಗಂಟೆಯ ಜೋಡಿ ಐದಕ್ಕೆ ಬಂತು. ಅವರ ಪೆಟ್ಟಿಗೆ ಹೊತ್ತು ಮೇಲೆ ತಂದ. ಕೋಣೆಗೆ ಬರುವಾಗ ತಲೆ ಹೊಡೆದುಕೊಂಡು, ಬಾಗಿಲಿಗೆ ಬೈದ.

*

ಮರುದಿನ ನಾಲ್ಕು ದೋಣಿಗಳು ಹಿಂದಿನ ದಿನ ಕಳಕೊಂಡದ್ದನ್ನು ತುಂಬಿಕೊಳ್ಳಲು ನಸುಕಿಗೇ ಹೋಗಿ ಒಂಬತ್ತಕ್ಕೆಲ್ಲ ತಿರುಗಿ ಬಂದವು. ಉದ್ದಣ್ಣ ಹೊರಡುವಾಗ ತಡವಾಗಿತ್ತು. ಐದನೇ ನಂಬರಿನ ನಲ್ಲಿ ಸೋರುತ್ತಿತ್ತು, ಅದನ್ನು ಮುಗಿಸಿ ಹೋದ. ಗೊರಕೆಯೂ ಎಂದಿನ ಹಾಗೆ ತಡವಾಗಿ ಎದ್ದು ತನ್ನ ದೋಣಿ ಬಿಟ್ಟ. ಹಾಗಾಗಿ ಕೋಡಿನ ಬುಡದಲ್ಲಿ ಇದ್ದದ್ದು ಎರಡೇ ದೋಣಿ.

ಹನ್ನೊಂದರ ಹೊತ್ತಿಗೆ ಬೀಗದಕ್ಕ ಐದನೇ ನಂಬರಿನ ಕಿಟಕಿಯಲ್ಲಿ ದಿಂಬು ಕೊಡವುತ್ತಿದ್ದಳು. ಕೋಡಿನ ಹಿಂದೆ ಆಕಾಶ ಒಲೆ ಒರೆಸಿದ ಬಟ್ಟೆಯ ಹಾಗೆ ಇತ್ತು. ದಿಂಬು ಕೈಯಿಂದ ಜಾರಿ ಕೆಳಗೆ ಬಿತ್ತು. ಮನೆಗೆ ಓಡಿ, ಟ್ರಂಕು ತೆಗೆದು, ಕರೆಬಟ್ಟೆ ತಂದು ಹಗ್ಗಕ್ಕೆ ಹಾಕಿದಳು. ನಾಲ್ಕು ಕ್ಲಿಪ್ಪು ಒತ್ತಿದಳು. ದೂರದಲ್ಲಿ ಎರಡು ದೋಣಿಗಳೂ ಅಲ್ಲೇ ಇದ್ದವು.

ಬಟ್ಟೆ ಚಿಕ್ಕದು ಅನ್ನಿಸಿತು. ಹತ್ತು ವರ್ಷದ್ದು, ಬಣ್ಣ ಮಾಸಿತ್ತು. ಕಾಣುತ್ತದೋ ಇಲ್ಲವೋ. ಆಗ ಅವಳಿಗೆ ಮೂರನೇ ನಂಬರಿನ ಹಾಸು ನೆನಪಾಯಿತು. ಹೊಸದು, ದೊಡ್ಡದು, ರಕ್ತದಂಥ ಕೆಂಪು. ಹೋಗಿ ಬಾಗಿಲು ಬಡಿದಳು. ಹೊಸ ಹುಡುಗಿ ಕೂದಲು ಕಟ್ಟಿಕೊಳ್ಳುತ್ತ ಬಾಗಿಲು ತೆಗೆದಳು. ಬೀಗದಕ್ಕ ಏನೂ ಹೇಳದೆ ಒಳಗೆ ನುಗ್ಗಿ, ಹಾಸಿಗೆಯ ಮೇಲೆ ಕೂತಿದ್ದ ಅವಳ ಗಂಡನನ್ನು ಎಬ್ಬಿಸಿ, ಹಾಸನ್ನು ಎಳಕೊಂಡು ಹೋದಳು. ಅದನ್ನು ಕರೆಬಟ್ಟೆಯ ಪಕ್ಕದಲ್ಲೇ ಹಾಕಿದಳು. ಈಗ ಹಗ್ಗದ ತುಂಬ ಕೆಂಪು. ಇಷ್ಟು ದೊಡ್ಡದು ಕಾಣದಿದ್ದರೆ ಕಣ್ಣೇ ಇಲ್ಲ ಅಂದುಕೊಂಡಳು. ಒಂದು ಉಸಿರು ಬಿಟ್ಟಳು.

ಸ್ವಲ್ಪ ಹೊತ್ತಿಗೆ ಒಂದು ದೋಣಿ ತಿರುಗಿತು. ಇನ್ನೊಂದು ತಿರುಗಲಿಲ್ಲ. ಗಾಳಿ ಬಂತು. ಆಮೇಲೆ ಕೊಲ್ಲಿಯಲ್ಲಿ ಏನೂ ಕಾಣಲಿಲ್ಲ.

ತಿರುಗಿದ್ದು ಗೊರಕೆಯ ದೋಣಿ. ಉದ್ದಣ್ಣ ಸಿಕ್ಕಿದ್ದು ಮೂರನೇ ದಿನ, ಒಂದನೇ ನಂಬರಿನ ಕೆಳಗಿನ ಮರಳಿನಲ್ಲಿ. ಬೆಳಗಿನ ವಾಕಿಂಗಿಗೆ ಹೋದ ಅತಿಥಿ ಮೊದಲು ನೋಡಿದ್ದು. ಮಣ್ಣು ಮಾಡಿದ್ದಾಯಿತು. ಐದನೇ ದಿನ ಎರಡು ಕಾಟೇಜಿಗೆ ಜನ ಬಂದರು. ಅವಳು ಹೋಗಿ ಹಾಸಿಗೆ ಹಾಸಿದಳು. ಬೇರೆ ಯಾರು ಹಾಸಬೇಕು?

*

ಅವಳು ಹುಟ್ಟಿದ್ದು ಸಮುದ್ರವೇ ಇಲ್ಲದ ಊರಿನಲ್ಲಿ. ಅಪ್ಪ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಅಕ್ಕನ ಜೊತೆ ಇಟ್ಟಿಗೆ ಹೊತ್ತಳು. ಇಪ್ಪತ್ತಕ್ಕೆ ಮದುವೆಯಾಗಿ ಈ ಗುಡ್ಡ ಹತ್ತಿ ಬಂದಾಗ ನೀರು ನೋಡಿ ತಲೆಸುತ್ತು ಬಂದು ಕೂತುಬಿಟ್ಟಿದ್ದಳು. ಉದ್ದಣ್ಣ ಪಕ್ಕದಲ್ಲಿ ಕೂತ. "ನೀರು ನೋಡ್ಬೇಡ," ಅಂದ. "ನೀರು ನನ್ನ ಕೆಲಸ. ನೀನು ಕೋಡಿನ ಹಿಂದೆ ಆಕಾಶ ನೋಡು. ಕಪ್ಪು ಕಂಡ್ರೆ ಬಟ್ಟೆ ಹಾಕು." ಅಷ್ಟೇ ಅವನು ಕಲಿಸಿದ್ದು. ಇಪ್ಪತ್ತಾರು ವರ್ಷ ಅವಳು ಅದನ್ನೇ ಮಾಡಿದಳು. ಮಕ್ಕಳಾಗಲಿಲ್ಲ. ಅದಕ್ಕೆ ಅತ್ತೆ ಎರಡು ವರ್ಷ ಆಡಿಕೊಂಡಳು, ಆಮೇಲೆ ಬೇಸರವಾಗಿ ಬಿಟ್ಟಳು.

ಮೂರನೇ ನಂಬರು ಆಗ ಅವರದೇ ಮನೆ. ಮಾವ ಹಾಸಿಗೆ ಹಿಡಿದಾಗ ಮಾರಿದರು. ಕೊಂಡ ಯಜಮಾನಿ ಒಳ್ಳೆಯವಳು. ನೀವು ಎಲ್ಲಿಗೆ ಹೋಗ್ತೀರಿ, ಇಲ್ಲೇ ಇರಿ, ನೋಡಿಕೊಳ್ಳಿ ಅಂದಳು. ಹಾಗೆ ಬೀಗದಕ್ಕ ತಾನು ಮದುಮಗಳಾಗಿ ಮಲಗಿದ ಕೋಣೆಗೆ ಬೇರೆ ಮದುಮಕ್ಕಳಿಗಾಗಿ ಹಾಸಿಗೆ ಹಾಸತೊಡಗಿದಳು. ಅದರಲ್ಲಿ ಅವಳಿಗೆ ದುಃಖವೇನೂ ಇರಲಿಲ್ಲ. ಕೆಲಸ ಕೆಲಸವೇ. ಗೋಡೆಗೆ ಯಜಮಾನಿ ಬಲೆ ತೂಗುಹಾಕಿಸಿದಾಗ ಮಾತ್ರ ನಗು ಬಂದಿತ್ತು. ಬಲೆಯನ್ನು ಒಳಗಿಟ್ಟರೆ ನಾತ ಹೊಡೆಯುತ್ತದೆ ಎಂದು ಅತ್ತೆ ಜೀವಮಾನವಿಡೀ ಬೈದಿದ್ದ ಗೋಡೆ ಅದು.

ಈಗ ಅತ್ತೆ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಚಹಾ ಕೈಗೆ ಕೊಟ್ಟ ಕೂಡಲೇ.

"ನೀನು ಬಟ್ಟೆ ಹಾಕಿದ್ದೆ ಅಲ್ವಾ?"

"ಹಾಕಿದ್ದೆ."

"ಹೊತ್ತಿಗೆ ಸರಿಯಾಗಿ ಹಾಕಿದ್ದೆ?"

"ಹಾಕಿದ್ದೆ ಅತ್ತೆ."

"ಮತ್ತೆ ಅವನ್ಯಾಕೆ ಬರ್ಲಿಲ್ಲ?"

ಅದಕ್ಕೆ ಉತ್ತರ ಇದ್ದದ್ದು ಗೊರಕೆಯ ಹತ್ತಿರ. ಅವನು ಮೊದಲ ದಿನವೇ ಮಬ್ಬು ಇತ್ತು, ಕಾಣಲಿಲ್ಲ ಅಂದುಬಿಟ್ಟಿದ್ದ. ಆದರೆ ಅವತ್ತು ಮಬ್ಬು ಇರಲಿಲ್ಲ. ಗಾಳಿ ಬರುವವರೆಗೂ ಕೋಡಿನ ಒಂದೊಂದು ಕಲ್ಲೂ ಕಾಣುತ್ತಿತ್ತು. ಅವಳೇ ನೋಡಿದ್ದಳು. ಅಂದಿನಿಂದ ಗೊರಕೆ ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಮಾತು ಬಿಟ್ಟ. ಅವನ ಹೆಂಡತಿ ಹೇಳುವ ಪ್ರಕಾರ ಗೊರಕೆಯನ್ನೂ ಬಿಟ್ಟಿದ್ದ, ಅಂದರೆ ಮಲಗುತ್ತಲೇ ಇರಲಿಲ್ಲ.

ಆರು ವಾರ ಕಳೆಯಿತು. ಮೂರನೇ ನಂಬರಿನ ಬಚ್ಚಲಿನ ಬಾಗಿಲಿನ ಕೀಲು ಕಿತ್ತುಬಂತು. ಉದ್ದಣ್ಣ ಇಲ್ಲ. ಯಜಮಾನಿ ಫೋನಿನಲ್ಲಿ, "ಅವರ ಜೊತೆಗಾರ ಇದ್ದನಲ್ಲ, ಅವನಿಗೆ ಹೇಳು," ಅಂದಳು. ಗೊರಕೆ ಬಂದ. ತಲೆ ತಗ್ಗಿಸಿಕೊಂಡು ಒಳಗೆ ಹೋದ. ಬೀಗದಕ್ಕ ಹೊರಗೆ ನಿಂತು ಅವನು ತಿರುಪು ಹಾಕುವ ಸದ್ದು ಕೇಳಿದಳು. ಸದ್ದು ನಿಂತ ಕೂಡಲೇ ಮುಂದಿನ ಬಾಗಿಲು ಎಳೆದು ಬೀಗ ಹಾಕಿದಳು.

ಒಳಗಿನಿಂದ ಹಿಡಿ ಅಲ್ಲಾಡಿತು. "ಅತ್ತಿಗೆ? ಬಾಗಿಲು ಹಾಕ್ಕೊಂಡ್ಬಿಡ್ತು."

"ಹಾಕ್ಕೊಳ್ಳಲಿಲ್ಲ. ನಾನೇ ಹಾಕಿದೆ."

"ಯಾಕೆ?"

"ಹೇಳು. ಹೇಳಿದ್ಮೇಲೆ ತೆಗೀತೀನಿ."

"ಏನು ಹೇಳ್ಲಿ?"

"ಅವತ್ತು ಮಬ್ಬಿರಲಿಲ್ಲ."

ಅವನು ಮಂಚದ ಮೇಲೆ ಕೂತ ಸದ್ದಾಯಿತು. ಆ ಮಂಚದ ಎಡಗಾಲು ಕಿರುಗುಟ್ಟುತ್ತದೆ, ಅವಳಿಗೆ ಗೊತ್ತು. ಅವಳು ಹೊಸ್ತಿಲ ಮೇಲೆ ಕೂತಳು.

"ಅತ್ತಿಗೆ, ಮಧ್ಯಾಹ್ನಕ್ಕೆ ಗಿರಾಕಿ ಬರ್ತಾರೆ ಅಂದ್ರಿ."

"ಬರ್ಲಿ. ನಿನ್ನನ್ನ ನೋಡಿ ಹೋಗ್ಲಿ. ಗೋಡೆ ಮೇಲೆ ಬಲೆ ಇದೆ, ಕೆಳಗೆ ಮೀನುಗಾರ ಬೇಕಿತ್ತು."

ಅವನಿಗೆ ಅರೆ ನಗು ಬಂತು. ಆ ನಗು ಅರ್ಧದಲ್ಲಿ ಮುರಿಯಿತು. ಬಾಗಿಲ ಹತ್ತಿರ ಬಂದು ಹೇಳಿದ. ಬಾಗಿಲಿಗೆ ಬಾಯಿ ಹಚ್ಚಿ ಹೇಳಿದ ಹಾಗಿತ್ತು.

"ಕಂಡಿತ್ತು ಅತ್ತಿಗೆ. ಇಬ್ಬರಿಗೂ ಕಂಡಿತ್ತು. ಮೊದ್ಲು ಒಂದು ಕಂಡಾಗ ಅವನು ಬಲೆ ಎತ್ತೋಕೆ ಶುರು ಮಾಡ್ದ. ಬೇಗ ಬೇಗ ಎತ್ತುತಿದ್ದ. ಆಮೇಲೆ ಇನ್ನೊಂದು ಬಂತು ಪಕ್ಕಕ್ಕೆ."

"ಆಮೇಲೆ?"

"ಅದನ್ನ ನೋಡಿ ನಕ್ಕ. 'ನೋಡೋ, ಇವತ್ತು ಜೋಡಿ ಒಗೆದಿದ್ದಾಳೆ,' ಅಂದ. ಬಲೆ ವಾಪಸ್ ನೀರಿಗೆ ಬಿಟ್ಟ."

ಅವಳು ಸೊಂಟದ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದಳು.

"ನಾನೂ ನಕ್ಕೆ ಅತ್ತಿಗೆ. ನಾನು ಬಂದದ್ದು ಬಟ್ಟೆ ನೋಡಿ ಅಲ್ಲ. ನನ್ನ ಬಲೆ ಕಲ್ಲಿಗೆ ಸಿಕ್ಕಿ ಹರಿದಿತ್ತು, ಅದಕ್ಕೆ ಬಂದೆ. ದಡಕ್ಕೆ ಬಂದಾಗ ಗಾಳಿ. ತಿರುಗಿ ಹೋಗೋಕೆ ನೋಡ್ದೆ. ಆಗ್ಲಿಲ್ಲ."

ಗೊರಕೆ ಬಾಗಿಲು ತೆಗೆ ಅನ್ನಲಿಲ್ಲ. ಒಂದು ಕ್ಲಿಪ್ಪು ಅವಳ ಕಾಲ ಹತ್ತಿರ ಬಿದ್ದಿತ್ತು. ಅದನ್ನು ಎತ್ತಿ ಒತ್ತಿ ನೋಡಿದಳು, ಸ್ಪ್ರಿಂಗು ಸರಿಯಿತ್ತು. ಸೆರಗಿನ ತುದಿಗೆ ಸಿಕ್ಕಿಸಿಕೊಂಡಳು. ಆಮೇಲೆ ಎದ್ದು ಬೀಗ ತೆಗೆದಳು. ಅವನು ಅಳುತ್ತ ಹೊರಗೆ ಬಂದ. ಅವಳು ಒಳಗೆ ಹೋಗಿ ಅವನು ಕೂತ ಜಾಗದ ಹಾಸನ್ನು ಎಳೆದು ಸುಕ್ಕು ಸರಿಮಾಡಿದಳು.

ಒಂದೇ ಹಾಕಿದ್ದರೆ ಬರುತ್ತಿದ್ದ. ಅವಳು ಅಂದಿನಿಂದ ಅದನ್ನು ಎಷ್ಟು ಸಲ ತಿರುವಿ ಹಾಕಿದಳೋ. ಹಿಂದಿನ ದಿನ ಹಾಕದಿದ್ದರೆ. ಕರೆಂಟು ಇದ್ದಿದ್ದರೆ. ಕಾಫಿ ಚೆಲ್ಲದಿದ್ದರೆ. ಎಲ್ಲಿಂದ ಶುರು ಮಾಡಿದರೂ ಎರಡನೇ ಬಟ್ಟೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಅದನ್ನು ಯಾರೂ ಹಾಕು ಅಂದಿರಲಿಲ್ಲ.

*

ಮರುದಿನ ಅತ್ತೆಗೆ ಹೇಳಿದಳು. ಚಹಾ ಕೊಟ್ಟು, ಅವಳು ಕೇಳುವ ಮೊದಲೇ ಹೇಳಿದಳು. ಒಂದನ್ನೂ ಬಿಡಲಿಲ್ಲ. ಅತ್ತೆ ಲೋಟ ಕೆಳಗಿಟ್ಟಳು. ಕೂಗಾಡುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಅಂದುಕೊಂಡಿದ್ದಳು. ಅತ್ತೆ ಹಾಗೆ ಮಾಡಲಿಲ್ಲ.

"ನಂಗೆ ಗೊತ್ತಿತ್ತು," ಅಂದಳು. "ಅವತ್ತು ಹಗ್ಗದಲ್ಲಿ ಎರಡು ಕೆಂಪು ಕಂಡಿತ್ತು ನಂಗೆ. ಇಷ್ಟು ಕಣ್ಣು ಉಳಿದಿದೆ."

"ಮತ್ತೆ ದಿನಾ ಯಾಕೆ ಕೇಳ್ತಿದ್ರಿ?"

"ನೀನು ಯಾವಾಗ ಹೇಳ್ತೀಯ ಅಂತ."

ಆಮೇಲೆ ಅತ್ತೆ ಎಂಟು ದಿನ ಮಾತಾಡಲಿಲ್ಲ. ಊಟ ಮಾತ್ರ ಮಾಡಿದಳು.

ಆ ಎಂಟು ದಿನದಲ್ಲೇ ಅಕ್ಕ ಫೋನು ಮಾಡಿದಳು. ಅಕ್ಕ ಪೇಟೆಯಲ್ಲಿ ಮಗಳ ಜೊತೆ ಇದ್ದಾಳೆ. "ಬಾರೇ ಇಲ್ಲಿಗೆ. ಆ ನೀರು ನೋಡ್ಕೊಂಡು ಎಷ್ಟು ದಿನ ಇರ್ತೀಯ? ಮುದುಕೀನೂ ಕರ್ಕೊಂಡು ಬಾ, ಮೂಲೇಲಿ ಇರ್ಲಿ. ಗಂಡನೇ ಇಲ್ದ ಮೇಲೆ ಅಲ್ಲಿ ನಿಂದೇನಿದೆ?"

ಬೀಗದಕ್ಕನಿಗೆ ಹೋಗಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು. ಟ್ರಂಕಿನಲ್ಲಿದ್ದುದನ್ನೆಲ್ಲ ಹೊರಗೆ ಹಾಕಿ ನೋಡಿದಳು. ಇಬ್ಬರ ಬಟ್ಟೆ ಒಂದೇ ಟ್ರಂಕಿಗೆ ಹಿಡಿಯುತ್ತಿತ್ತು. ಅಡಿಯಲ್ಲಿ ಮಾಸಿದ ಕರೆಬಟ್ಟೆ.

ಅದೇ ವಾರ ಯಜಮಾನಿ ಕಾರು ತುಂಬ ಕೆಂಪು ಮೇಲುಹಾಸು ತಂದಳು. ಏಳೂ ಕಾಟೇಜಿಗೆ. ಮೂರನೇ ನಂಬರಿನ ಫೋಟೋ ಜನಕ್ಕೆ ಬಹಳ ಹಿಡಿಸಿದೆಯಂತೆ. ಅವಳು ಗುಡ್ಡದ ತುದಿಗೆ ಹೋಗಿ, ಕೈ ಸೊಂಟದ ಮೇಲಿಟ್ಟು ನಿಂತು, ಹಗ್ಗ ನೋಡಿದಳು.

"ನಮ್ಮ ಬಟ್ಟೆ ಎಲ್ಲ ಇನ್ಮೇಲೆ ಇಲ್ಲೇ ಹಾಕು. ಹಿಂದೆ ಸಮುದ್ರ, ಮುಂದೆ ಕೆಂಪು. ಎಷ್ಟು ಚೆಂದ ಕಾಣುತ್ತೆ ಗೊತ್ತಾ? ಬಂದವರೆಲ್ಲ ಇದರದ್ದೇ ಫೋಟೋ ತೆಗೀತಾರೆ."

"ಇಲ್ಲಿ ಹಾಕಲ್ಲಮ್ಮ."

ಯಜಮಾನಿ ತಿರುಗಿ ನೋಡಿದಳು. ಹನ್ನೊಂದು ವರ್ಷದಲ್ಲಿ ಇದು ಮೊದಲನೇ ಇಲ್ಲ.

"ಯಾಕೆ?"

ಬೀಗದಕ್ಕ ಹೇಳಿದಳು. ಮೂರು ಮಾತಿನಲ್ಲಿ ಹೇಳಿ ಮುಗಿಸಿದಳು. ಯಜಮಾನಿಯ ಮುಖ ಇಳಿಯಿತು. ಅವಳು ನಿಜಕ್ಕೂ ಒಳ್ಳೆಯವಳು. ಆದರೂ ಸ್ವಲ್ಪ ಹೊತ್ತಿಗೆ ಗಡಿಯಾರ ನೋಡಿದಳು.

"ನೋಡು, ನಂಗೆ ಅರ್ಥ ಆಗುತ್ತೆ. ಆದ್ರೆ ಏಳು ಹಾಸು, ಹದಿನಾಲ್ಕು ಶೀಟು. ಹಿತ್ತಲಲ್ಲಿ ಬಿಸಿಲೇ ಬರಲ್ಲ. ಎರಡು ಗಂಟೆಗೆ ಒಣಗಿರಬೇಕು. ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ನಾನು ಬೇರೆ ಯಾರನ್ನಾದ್ರೂ..." ಅಲ್ಲಿಗೆ ನಿಲ್ಲಿಸಿದಳು.

ಬೇರೆ ಯಾರಾದರೂ. ಬೀಗದಕ್ಕನ ಕಣ್ಣ ಮುಂದೆ ಆ ಬೇರೆ ಯಾರೋ ಬಂದಳು. ಪೇಟೆಯ ಕಡೆಯ, ಚುರುಕು ಕೈಯ ಹುಡುಗಿ. ಕೋಡಿನ ಹಿಂದೆ ಯಾಕೆ ನೋಡಬೇಕು ಎಂದೇ ಗೊತ್ತಿಲ್ಲದವಳು. ಈ ಹಗ್ಗಕ್ಕೆ ದಿನಾ ಏಳು ಕೆಂಪು ಹಾಕುವವಳು. ಕೆಳಗೆ ಐದು ದೋಣಿ.

"ಒಣಗಿಸ್ತೀನಿ," ಅಂದಳು. "ಎಲ್ಲಿ ಒಣಗಿಸ್ತೀನಿ ಅನ್ನೋದು ನಂಗಿರ್ಲಿ."

ಅವತ್ತು ಸಂಜೆ ಅಕ್ಕನಿಗೆ ಫೋನು ಮಾಡಿ ಬರುವುದಿಲ್ಲ ಅಂದಳು. ಯಾಕೆ ಅಂತ ಅಕ್ಕ ಕೇಳಿದಳು. ಅತ್ತೆಗೆ ಮೆಟ್ಟಿಲು ಇಳಿಯೋಕೆ ಆಗಲ್ಲ ಅಂದಳು. ಸುಳ್ಳೂ ಅಲ್ಲ. ಹೊರಗೆ ಹಾಕಿದ್ದನ್ನೆಲ್ಲ ಮಡಚಿ ಮತ್ತೆ ಟ್ರಂಕಿಗೆ ಹಾಕಿದಳು.

ಆಮೇಲೆ ದಕ್ಕೆಗೆ ಹೋದಳು. ಹೆಂಗಸರು ಅಲ್ಲಿಗೆ ಮೀನು ಆರಿಸಲು ಹೋಗುವುದುಂಟು, ಮಾತಾಡಲು ಹೋಗುವುದಿಲ್ಲ. ಗಂಡಸರು ಬಲೆ ಬಿಡಿಸುವುದನ್ನು ನಿಲ್ಲಿಸಿದರು.

"ಇನ್ಮೇಲೆ ಬಣ್ಣದ ಲೆಕ್ಕ ಬೇಡ," ಅಂದಳು. "ಆ ಹಗ್ಗ ಖಾಲಿ ಇರುತ್ತೆ. ಒಂದು ಕರ್ಚೀಫೂ ಇರಲ್ಲ. ಅದರ ಮೇಲೆ ಏನೇ ಕಂಡ್ರೂ ತಿರುಗ್ಬೇಕು. ಬಿಳಿಯೋ ಕೆಂಪೋ ಒಂದೋ ಎರಡೋ ನೋಡ್ಕೂಡದು."

ಹಳೆಯ ದೋಣಿಯವನೊಬ್ಬ ಬೀಡಿ ಆರಿಸಿದ. "ಬೀಗದಕ್ಕಾ, ಬೇಜಾರು ಮಾಡ್ಕೋಬೇಡ. ಮತ್ತೆ ಯಾರಾದ್ರೂ ಕಾಫಿ ಚೆಲ್ಲಿದ್ರೆ?"

ಯಾರೂ ನಗಲಿಲ್ಲ. ಕೇಳಿದವನೇ ಕೇಳಬಾರದಿತ್ತು ಎನ್ನುವ ಹಾಗೆ ಕೆಳಗೆ ನೋಡಿದ.

"ಚೆಲ್ಲಿದ್ರೆ ಒದ್ದೆ ಹಾಸಿಗೇಲಿ ಮಲಗ್ಲಿ," ಅಂದಳು.

ಗೊರಕೆ ಮೂಲೆಯಿಂದ ಎದ್ದು ನಿಂತ. "ನಾನು ತಿರುಗ್ತೀನಿ ಅತ್ತಿಗೆ. ಏನೇ ಕಂಡ್ರೂ." ಉಳಿದವರು ತಲೆ ಆಡಿಸಿದರು. ಕೆಲವರು ಅನುಮಾನದಲ್ಲೇ ಆಡಿಸಿದರು.

ಗುಡ್ಡದ ಹಿಂಬದಿಯಲ್ಲಿ, ಅರವತ್ತೆರಡು ಮೆಟ್ಟಿಲು ಕೆಳಗೆ, ಹಳೆಯ ದೋಣಿ ಕಟ್ಟುವ ಚಪ್ಪರದ ಪಕ್ಕ ಒಂದು ಕಲ್ಲಿನ ಬಯಲಿದೆ. ಬಿಸಿಲು ಚೆನ್ನಾಗಿ ಬೀಳುತ್ತದೆ. ಸಮುದ್ರಕ್ಕೆ ಕಾಣುವುದಿಲ್ಲ. ಅಲ್ಲಿ ಅವಳು ಹೊಸ ಹಗ್ಗ ಕಟ್ಟಿದಳು. ಒದ್ದೆ ಬಟ್ಟೆ ಹೊತ್ತು ಇಳಿಯುವುದು, ಒಣಗಿದ್ದು ಹೊತ್ತು ಹತ್ತುವುದು. ದಿನಕ್ಕೆ ಐದು ಸಲ, ಕೆಲವು ದಿನ ಆರು ಸಲ. ಮೊಣಕಾಲು ಊದಿಕೊಂಡಿತು. ಅತ್ತೆ ಮಾತಾಡಿದ್ದು ಆಗಲೇ.

"ಮೊಣಕಾಲಿಗೆ ಬಿಸಿ ಬಟ್ಟೆ ಕಟ್ಕೋ. ನೀನು ಬಿದ್ರೆ ನನ್ನ ನೋಡೋರಿಲ್ಲ."

ಒಂದು ಸಲ ಅವಳು ಎರಡನೇ ನಂಬರಿನ ಬಚ್ಚಲು ತೊಳೆಯುತ್ತಿದ್ದಾಗ ಕೋಡಿನ ಹಿಂದೆ ಕಪ್ಪು ಕಂಡಿತು. ಟ್ರಂಕಿನವರೆಗೆ ಓಡಲು ಮೊಣಕಾಲು ಬಿಡಲಿಲ್ಲ. ಕೈಗೆ ಸಿಕ್ಕಿದ ಕಾಲೊರೆಸುವ ಮ್ಯಾಟನ್ನು ತಂದು ಹಗ್ಗಕ್ಕೆ ಹಾಕಿದಳು. ಮಧ್ಯದಲ್ಲಿ ಬಾತುಕೋಳಿಯ ಚಿತ್ರ ಇರುವ ಮ್ಯಾಟು. ಪಕ್ಕದಲ್ಲಿ ಏನೂ ಹಾಕಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಐದು ದೋಣಿಯೂ ತಿರುಗಿದವು. ಮೊದಲನೆಯದು ಗೊರಕೆಯದು.

ಗಾಳಿ ಆ ದಿನ ಅಷ್ಟೇನೂ ಬರಲಿಲ್ಲ. ನಾಲ್ಕು ಹನಿ ಬಿದ್ದು ಬಿಸಿಲು ಬಂತು. ಗಂಡಸರು ದಕ್ಕೆಯಲ್ಲಿ ನಿಂತು ಮೇಲೆ ನೋಡಿದರು. ಯಾರೂ ಅವಳನ್ನು ಬೈಯಲಿಲ್ಲ. ಹಳೆಯ ದೋಣಿಯವನು ಮಾತ್ರ, "ಬಾತುಕೋಳಿ ಕರೆದ್ರೂ ಬರೋ ಹಾಗಾಯ್ತು ನಮ್ಮ ಬಾಳು," ಅಂದನಂತೆ. ಅದನ್ನು ಕೇಳಿ ಬೀಗದಕ್ಕ ನಕ್ಕಳು. ಆಮೇಲೆ ಎರಡನೇ ನಂಬರಿನ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಅತ್ತಳು. ಅಷ್ಟು ಸಣ್ಣ ಮ್ಯಾಟಿಗೆ ಐದು ದೋಣಿ ತಿರುಗಿದ್ದವು.

ಈಗ ಮೂರು ವರ್ಷವಾಯಿತು. ಯಜಮಾನಿ ಇನ್ನೂ ಎರಡು ಕಾಟೇಜು ಸೇರಿಸಿದ್ದಾಳೆ. ಸೊಂಟದಲ್ಲಿ ಒಂಬತ್ತು ಬೀಗದ ಕೈ. ಅಕ್ಕ ಫೋನು ಮಾಡುವುದು ಕಡಿಮೆಯಾಗಿದೆ. ಪೇಟೆಗೆ ಒಂದು ದಿನದ ಮಟ್ಟಿಗೆ ಹೋಗಿಬರಲೂ ಬೀಗದಕ್ಕನಿಗೆ ಆಗಿಲ್ಲ. ದೋಣಿಗಳು ಹೋದ ಮೇಲೆ ಗುಡ್ಡ ಬಿಡುವ ಹಾಗಿಲ್ಲ, ಬಂದ ಮೇಲೆ ಬಸ್ಸಿಲ್ಲ. ಅತಿಥಿಗಳು ಹೊರಡುವಾಗ, ಎಂಥ ಜಾಗದಲ್ಲಿ ಇದ್ದೀರಿ, ನಿಮ್ಮ ಅದೃಷ್ಟ ಅನ್ನುತ್ತಾರೆ. ಅವಳು ಹೂಂ ಅನ್ನುತ್ತಾಳೆ. ಬಾಗಿಲಿನ ಮೇಲುಮರದ ಎಣ್ಣೆಯ ಗುರುತನ್ನು ಬಿಟ್ಟು ಮನೆಯಲ್ಲಿ ಮತ್ತೆಲ್ಲವನ್ನೂ ಒರೆಸುತ್ತಾಳೆ.

ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಚಹಾಕ್ಕೆ ಮೊದಲು ಗುಡ್ಡದ ತುದಿಗೆ ಹೋಗುತ್ತಾಳೆ. ರಾತ್ರಿ ಹಗ್ಗದ ಮೇಲೆ ಉಪ್ಪು ಕೂತಿರುತ್ತದೆ. ಯಾವುದಾದರೂ ಅತಿಥಿ ಒದ್ದೆ ಟವೆಲ್ಲೋ ಈಜುವ ಚಡ್ಡಿಯೋ ಹಾಕಿದ್ದರೆ ಅದನ್ನು ತೆಗೆದು ಅವರ ಬಾಗಿಲ ಹಿಡಿಗೆ ಸಿಕ್ಕಿಸುತ್ತಾಳೆ. ಆಮೇಲೆ ಒದ್ದೆ ಬಟ್ಟೆಯಿಂದ ಹಗ್ಗವನ್ನು ಈ ಕಂಬದಿಂದ ಆ ಕಂಬದವರೆಗೆ ಒರೆಸುತ್ತಾಳೆ. ಒರೆಸಿದ ಬಟ್ಟೆಯನ್ನು ಅಲ್ಲಿ ಇಡುವುದಿಲ್ಲ, ಮುಷ್ಟಿಯಲ್ಲಿ ಹಿಡಿದು ವಾಪಸ್ ತರುತ್ತಾಳೆ. ಹೊಸ್ತಿಲ ಮೇಲೆ ಅತ್ತೆ ಕೂತಿರುತ್ತಾಳೆ.

"ಹಗ್ಗ ಒರೆಸಿದ್ಯಾ?"

"ಒರೆಸಿದೆ."

"ಏನೂ ಇಲ್ವಲ್ಲ ಅದರ ಮೇಲೆ?"

"ಏನೂ ಇಲ್ಲ ಅತ್ತೆ," ಅನ್ನುತ್ತಾಳೆ. ಒಲೆ ಹಚ್ಚುತ್ತಾಳೆ.